ವಸೂಲಿಗೆ ಬಂದವನು ಕೈ ಎತ್ತಿದರೆ

(ಹುನ್ನೂರಿನ ರೈತರ ಸಭೆಯಲ್ಲಿ ಆಡಿದ ಮಾತು)



ಸಾಲ ತಗೊಂಡವರು ತಿರುಗಿ ಕೊಡಬೇಕು. ಅದರಾಗ ಎರಡು ಮಾತಿಲ್ಲ. ಆದರ ಕಂತು ತಪ್ಪಿತು ಅಂತ ಮನೀ ಕಟ್ಟೀ ಮ್ಯಾಲೆ ಕುಂತು, ಹೆಣ್ಣುಮಕ್ಕಳ ಎದುರಿಗೆ ಬೈದು, ಕಪಾಳಕ್ಕೆ ಹೊಡೆಯುವ ಹಕ್ಕನ್ನು ಯಾವ ಸಾಲಪತ್ರವೂ ಕೊಟ್ಟಿಲ್ಲ.

ಸಾದಾ ಏಟನ್ನು ಕಾನೂನು ಮೊದಲಿನಿಂದ ಸಣ್ಣ ಅಪರಾಧ ಎಂದೇ ಎಣಿಸಿದೆ. 1860ರ ದಂಡ ಸಂಹಿತೆಯ 323ನೇ ಕಲಮಿನಲ್ಲಿ ಹೆಚ್ಚೆಂದರೆ 1 ವರ್ಷ ಸಜೆ, 1,000 ರೂಪಾಯಿ ದಂಡ. 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆಯಲ್ಲಿ ಅದು 115ನೇ ಕಲಂ ಆತು, ದಂಡ 10,000 ಆತು. ಆದರ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ ಎಂಬುದು ಹಾಗೇ ಉಳಿದೈತಿ. ಠಾಣೆಗೆ ಹೋದವನು ಚೀಟಿ ಹಿಡಕೊಂಡು ಹೊಳ್ಳಿ ಬರತಾನ. ಹೊಡೆದವನು ಮರುದಿನ ಮತ್ತ ಬಾಗಲಾಗ ನಿಂತಿರತಾನ.

2025ರ ಫೆಬ್ರುವರಿ 12ರಂದು ರಾಜ್ಯದಲ್ಲಿ ಕಿರುಸಾಲ, ಸಣ್ಣಸಾಲಗಳ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಬಂತು. ಬಳಿಕ ಕಾಯ್ದೆಯೂ ಆತು. ಹೊಡೆಯುವುದು, ಬೆದರಿಸುವುದು, ಬೆನ್ನು ಹತ್ತಿ ತಿರುಗುವುದು ಎಲ್ಲವೂ ಇದರಲ್ಲಿ ಅಪರಾಧ. 10 ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ. ದೂರು ತಗೊಳ್ಳೂದಿಲ್ಲ ಅಂತ ಪೊಲೀಸರು ಹೇಳುವಂತಿಲ್ಲ.

ಒಳ್ಳೇದು. ಆದರ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಫೈನಾನ್ಸ್ ಕಂಪನಿಗಳನ್ನು ಇದರಿಂದ ಹೊರಗಿಟ್ಟಾರ. ಕಿರುಸಾಲದಾಗ ಅವರಿಗೆ ಇರುವುದು ರಿಸರ್ವ್ ಬ್ಯಾಂಕಿನ ನಿರ್ದೇಶನ: ಬೈಯಬಾರದು, ಹೊಡೆಯಬಾರದು, ಮುಂಜಾನೆ 9ರ ಮೊದಲು, ಸಂಜೆ 6ರ ನಂತರ ಫೋನ್ ಮಾಡಬಾರದು. ಮುರಿದರೆ ಅರ್ಜಿ ಬರೆದು ಕಾಯಬೇಕು. ಏಟು ತಿಂದವನಿಗೆ ನ್ಯಾಯ ಸಂಹಿತೆಯ 120ನೇ ಕಲಂ ಐತಿ: ಬಾಕಿ ವಸೂಲಿಗಾಗಿ ಹೊಡೆದರೆ 7 ವರ್ಷದವರೆಗೆ ಸಜೆ, ಪೊಲೀಸರು ನೇರ ತನಿಖೆ ಮಾಡಬಹುದು. ಏಟು ಒಂದೇ, ಕಪಾಳ ಒಂದೇ. ಹೊಡೆದವನ ಕಂಪನಿ ಎಲ್ಲಿ ನೋಂದಾಯಿಸೈತಿ ಎಂಬುದರ ಮ್ಯಾಲೆ ಶಿಕ್ಷೆ. ಇದು ಯಾವ ನ್ಯಾಯ?

ನಮಗೂ ಬರಬೇಕಾದ ಬಾಕಿ ಇರತೈತಿ. ಕಬ್ಬು ಕಳಿಸಿದ 14 ದಿನದೊಳಗೆ ಕಾರ್ಖಾನೆ ಬಿಲ್ಲು ಕೊಡಬೇಕು, ತಡವಾದರೆ ಶೇಕಡಾ 15 ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ತಡವಾದರ ನಾವು ಧರಣಿ ಕೂಡತೀವಿ, ಯಾರ ಕಪಾಳಕ್ಕೂ ಹೊಡೆಯೂದಿಲ್ಲ. ಆ ಬಿಲ್ಲು ಬಾರದ್ದಕ್ಕೇ ನಮ್ಮ ಕಂತು ತಪ್ಪತೈತಿ.

ಒಂದು ಕಹಿ ಮಾತು. ಮುಂಗಡ ತಗೊಂಡ ಕಬ್ಬು ಕಡಿಯುವ ಗ್ಯಾಂಗಿನವನು ಕೆಲಸ ಬಿಟ್ಟು ಹೋದ ಅಂತ ನಮ್ಮವರೂ ಕೈ ಎತ್ತಿದ್ದುಂಟು. ನಮ್ಮ ಕಪಾಳಕ್ಕೊಂದು ನ್ಯಾಯ, ಅವನದಕ್ಕೊಂದು ನ್ಯಾಯ ಎಂದರೆ ನಮ್ಮ ಬೇಡಿಕೆಗೆ ಬೆಲೆ ಇರೂದಿಲ್ಲ.

ನಮ್ಮ ಬೇಡಿಕೆ ಇಷ್ಟೇ: ಬಾಕಿ ವಸೂಲಿಗೆ ಕೈ ಎತ್ತಿದವನು ಯಾರೇ ಇರಲಿ, ಪೊಲೀಸರು ಅದನ್ನು ನೇರ ತನಿಖೆ ಮಾಡಬೇಕು.

ಅಲ್ಲೀತನಕ ಇಷ್ಟು ಮಾಡ್ರಿ. ಏಟು ಬಿದ್ದರ ಅಂದೇ ಸರ್ಕಾರಿ ದವಾಖಾನೆಗೆ ಹೋಗಿ ಬರೆಸಿಕೊಳ್ರಿ. ಬಂದವನ ಹೆಸರು, ಕಂಪನಿ, ದಿನ, ಹೊತ್ತು, ನೋಡಿದ ಇಬ್ಬರ ಹೆಸರು ಬರೆದು ಠಾಣೆಗೆ ದೂರು ಕೊಡ್ರಿ. ಒಬ್ಬರೇ ಹೋಗಬ್ಯಾಡ್ರಿ, ಓಣಿಯ ನಾಲ್ಕು ಮಂದಿ ಕೂಡಿ ಹೋಗ್ರಿ.