ಗೋದಾಮಿನ ದಾರಿ ಕಲಿಸಿದ ಪಾಠ
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಓದಿದ ರೈತ, ಇಂಜಿನಿಯರ್ ಅಲ್ಲ. ಆದರೂ ನಮ್ಮ ಗೋದಾಮಿನ ದಾರಿ ಬಗ್ಗೆ ಎರಡು ಮಾತು ಹೇಳಬೇಕು. ಯಾಕಂದ್ರ ಅದು ಕೆಟ್ಟಿದ್ದರಲ್ಲಿ ನನ್ನ ತಪ್ಪೂ ಅದ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಎರಿ ಭೂಮಿ ನಿಮಗೆ ಗೊತ್ತೇ ಅದ. ಮಳೆಗೆ ಉಬ್ಬುತದ, ಬ್ಯಾಸಗಿಗೆ ಬಿರೀತದ. ನಾರಾಯಣಪುರ ಎಡದಂಡೆ ಕಾಲುವೆ ನೀರು ಬಂದ ಮೇಲೆ ಎತ್ತಿನ ಬಂಡಿ ಕಡಿಮೆಯಾಗಿ, ಭತ್ತ ಹತ್ತಿ ತುಂಬಿದ ಟ್ರ್ಯಾಕ್ಟರು, ಲಾರಿ ಹೆಚ್ಚಾದವು. ಅದಕ್ಕೇ ನಾವು ಮರಂ ಮಣ್ಣಿಗೆ ಸಿಮೆಂಟ್ ಬೆರೆಸಿ ದಾರಿ ಮಾಡಿಸಿದೆವು. ಏಳು ದಿವಸ ನೀರು ಹೊಡೀರಿ, ಗಾಡಿ ಬಿಡಬ್ಯಾಡ್ರಿ ಅಂತ ಮೇಸ್ತ್ರಿ ಹೇಳಿದ್ದ. ಹತ್ತಿ ಸುಗ್ಗಿ ನಡೆದದ ಅಂತ ಮೂರನೇ ದಿವಸವೇ ನಾನು ಲಾರಿ ಬಿಡಿಸಿದೆ. ಎರಡು ಮಳೆಗಾಲದೊಳಗೆ ಬಿರುಕು, ಆಮೇಲೆ ತಗ್ಗು.

ಸಿಮೆಂಟ್ ಬೆರೆಸಿದ ಮಣ್ಣು ಕಟಕ ರೊಟ್ಟಿ ಇದ್ದಂಗ. ಗಟ್ಟಿ ಖರೆ, ಆದರೆ ಬಾಗೋದಿಲ್ಲ. ಮೇಲೆ ಗಾಲಿ ಹಾಯ್ದಾಗ ಪದರು ಕಣ್ಣಿಗೆ ಕಾಣದಷ್ಟು ಬಾಗಿ, ಅದರ ತಳ ಜಗ್ಗುತದ. ಒಂದು ಗಾಡಿಗೆ ಏನೂ ಆಗೋದಿಲ್ಲ. ಸಾವಿರಾರು ಸಲ ಹಾಯ್ದರೆ ತಳದಾಗ ಸಣ್ಣ ಸೀಳು ಹುಟ್ಟಿ ಮೇಲಕ್ಕೆ ಬರತದ. ತಂತಿಯನ್ನು ಆ ಕಡೆ ಈ ಕಡೆ ಬಾಗಿಸಿ ಮುರಿದಂಗ. ಸೀಳಿನೊಳಗೆ ನೀರು ಇಳಿದರೆ ಕೆಳಗಿನ ಎರಿ ಮಣ್ಣು ಮೆತ್ತಗಾಗಿ, ಆಸರಾ ಹೋಗಿ, ಪದರು ಇನ್ನೂ ಹೆಚ್ಚು ಬಾಗತದ.

ಭಾರದ ಲೆಕ್ಕ ಕೇಳ್ರಿ. ಅಮೆರಿಕದಲ್ಲಿ 1958ರಿಂದ 1960ರವರೆಗೆ ರಸ್ತೆ ಮೇಲೆ ಲಾರಿ ಓಡಿಸಿ ಪರೀಕ್ಷೆ ಮಾಡಿದರು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ಸಾಧಾರಣ ರಸ್ತೆಗೆ ಹಾನಿ ಸುಮಾರು 16 ಪಟ್ಟು ಅಂತ ತಿಳಿದುಬಂತು. ಸಿಮೆಂಟ್ ಮಣ್ಣಿನ ಪದರಿಗೆ ಅದಕ್ಕಿಂತಲೂ ಹೆಚ್ಚು. ಒಂದು ಖೇಪು ಉಳಿಸಲು ಹೋಗಿ ನಾವು ದಾರಿಯನ್ನೇ ಕಳಕೊಂಡೆವು.

ಈಗ ಮತ್ತೆ ಮಾಡಿಸಬೇಕಾಗ್ಯದ. ಅದು ನಿಮ್ಮ ಷೇರಿನ ರೊಕ್ಕ. ಆದ್ದರಿಂದ ಸಭೆ ಮುಂದೆ ನಾಲ್ಕು ಮಾತು ಇಡ್ತೀನಿ. ತಳದ ಎರಿ ಮಣ್ಣಿಗೆ ಮೊದಲು ಸುಣ್ಣ ಬೆರೆಸಬೇಕು. ಸಿಮೆಂಟ್ ಕಲಸಿದ ಎರಡು ತಾಸಿನೊಳಗೆ ರೋಲರ್ ಹೊಡೆದು ಮುಗಿಸಬೇಕು. ಪದರು ತೆಳು ಮಾಡಿ ಖರ್ಚು ಉಳಿಸಬಾರದು, ಎರಡೂ ಬದಿ ಗಟಾರ ಇರಬೇಕು. ಏಳು ದಿವಸ ಯಾರದೇ ಗಾಡಿ ಬಂದರೂ, ನಿರ್ದೇಶಕರದ್ದೇ ಇದ್ದರೂ, ಬಿಡಬಾರದು.

ನನ್ನ ಅವಸರಕ್ಕೆ ಸಂಘಕ್ಕಾದ ನಷ್ಟಕ್ಕೆ ಎಲ್ಲರ ಕ್ಷಮೆ ಕೇಳಿ ನನ್ನ ಮಾತು ಮುಗಿಸುತ್ತೇನೆ.

ಜೈ ಸಹಕಾರ!