ಬೊಮ್ಮಾಯಿಯವರು ಮತ್ತು ಹತ್ತೊಂಬತ್ತು ಸಹಿ



ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಕಡೆಯಿಂದ ಬಂದೀರಿ. ಹೊಲದ ಕೆಲಸ ಬಿಟ್ಟು ಬಂದೀರಿ. ಅದಕ್ಕೆ ಬಹಳ ಹೊತ್ತು ಕೂಡಿಸುವುದಿಲ್ಲ.

ನಮ್ಮ ಜಿಲ್ಲೆಯವರೇ ಆದ ಎಸ್.ಆರ್. ಬೊಮ್ಮಾಯಿಯವರ ವಿಷಯ ಹೇಳುತ್ತೇನೆ. ಅವರು ಹುಟ್ಟಿದ್ದು 1924ರಲ್ಲಿ, ಕಾರಡಗಿಯಲ್ಲಿ. ಆಗ ಅದು ಧಾರವಾಡ ಜಿಲ್ಲೆ. ಹಾವೇರಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅವರು ಕಾನೂನು ಓದಿದರು. ಹುಬ್ಬಳ್ಳಿಯಲ್ಲಿ ವಕೀಲರಾದರು. ಶಾಸಕರಾದರು, ಮಂತ್ರಿಯಾದರು. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು.

ಎಂಟು ತಿಂಗಳು ಆಗಿತ್ತು, ಅಷ್ಟೇ. 1989ರ ಏಪ್ರಿಲ್‌ನಲ್ಲಿ ರಾಜ್ಯಪಾಲರ ಕೈಗೆ 19 ಶಾಸಕರ ಪತ್ರ ಹೋದವು. 'ಈ ಸರಕಾರಕ್ಕೆ ನಮ್ಮ ಬೆಂಬಲ ಇಲ್ಲ' ಅಂತ ಬರೆದಿತ್ತು. ಕೆಳಗೆ ಸಹಿ ಇತ್ತು. ಮರುದಿನವೋ ಅದರ ಮರುದಿನವೋ, ಅವರಲ್ಲಿ ಏಳು ಮಂದಿ ಬೇರೆ ಪತ್ರ ಬರೆದರು. 'ನಮಗೆ ತಪ್ಪು ಹೇಳಿ ಸಹಿ ತಗೊಂಡಾರ. ನಾವು ಸರಕಾರದ ಕಡೆಗೇ ಇದ್ದೇವೆ' ಅಂದರು.

ನೋಡ್ರಿ, ಅವರೆಲ್ಲ ಓದು ಬಲ್ಲ ಶಾಸಕರು! ನಮ್ಮ ಕಲಿಕಾ ಕೇಂದ್ರದ ಒಬ್ಬ ತಾಯಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಎರಡು ವರ್ಷ ಅತ್ತಿದ್ದರು. ಅವರಿಗೆ ಈ ಸಂಗತಿ ಹೇಳಿದೆ. 'ಹಂಗಾರ ನಾ ಒಬ್ಬಾಕಿನ ದಡ್ಡಿ ಅಲ್ಲ ಬಿಡ್ರಿ' ಅಂದರು.

ಬೊಮ್ಮಾಯಿಯವರು ರಾಜ್ಯಪಾಲರಿಗೆ ಒಂದೇ ಮಾತು ಹೇಳಿದರು. 27ನೇ ತಾರೀಕಿಗೆ ವಿಧಾನಸಭೆ ಕೂಡಿಸುತ್ತೇವೆ, ಅಲ್ಲಿ ಎಣಿಸಿ ಅಂತ. ಯಾರೂ ಕೇಳಲಿಲ್ಲ. ಏಪ್ರಿಲ್ 21ಕ್ಕೆ ಸರಕಾರ ವಜಾ ಆಯಿತು. ರಾಷ್ಟ್ರಪತಿ ಆಳ್ವಿಕೆ ಬಂತು.

ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಒಯ್ಯುತ್ತೇವೆ. ಚೀಲ ನಮ್ಮ ಕಣ್ಣ ಮುಂದೆ ತೂಗಬೇಕು. ಒಳಗಿನ ಕೋಣೆಯಲ್ಲಿ ತೂಗಿ, ಹೊರಗೆ ಬಂದು 'ಇಷ್ಟೇ ಕಿಲೋ' ಅಂದರೆ ಸುಮ್ಮನೆ ಇರ್ತೀರೇನು? ಬೊಮ್ಮಾಯಿಯವರೂ ಸುಮ್ಮನೆ ಇರಲಿಲ್ಲ. ಹೈಕೋರ್ಟಿಗೆ ಹೋದರು. ಅಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು. ಒಂಬತ್ತು ನ್ಯಾಯಾಧೀಶರು ಕೂತು ಕೇಳಿದರು. 1994ರ ಮಾರ್ಚ್ 11ರಂದು ತೀರ್ಪು ಬಂತು. ಸರಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದನ್ನು ರಾಜಭವನದಲ್ಲಿ ಕೂತು ತೀರ್ಮಾನಿಸಬಾರದು. ಸದನದಲ್ಲೇ, ಎಲ್ಲರ ಮುಂದೆ ಎಣಿಸಬೇಕು. ಕರ್ನಾಟಕದ ಸರಕಾರ ವಜಾ ಮಾಡಿದ್ದು ತಪ್ಪು. ಹೀಗೆ ಹೇಳಿತು ಕೋರ್ಟು.

ಆಮೇಲೆ ಯಾವ ರಾಜ್ಯದಲ್ಲಿ ಸರಕಾರ ಅಲುಗಾಡಿದರೂ 'ಬೊಮ್ಮಾಯಿ ಪ್ರಕರಣ' ಅನ್ನುತ್ತಾರೆ. ರೇಡಿಯೋದಲ್ಲಿ, ಟಿ.ವಿ.ಯಲ್ಲಿ ನೀವೂ ಕೇಳಿರಬಹುದು. ಅದು ನಮ್ಮ ಕಾರಡಗಿಯವರ ಹೆಸರು.

ಮೊನ್ನೆ ರಾಣೇಬೆನ್ನೂರಿನ ಕೇಂದ್ರದಲ್ಲಿ ಒಬ್ಬ ಅಜ್ಜಿ ಕೇಳಿದರು: 'ಗೆದ್ದರಲ್ಲ, ಮತ್ತ ಕುರ್ಚಿ ಸಿಕ್ಕಿತೇನ್ರಿ?' ಇಲ್ಲ ಅಜ್ಜಿ, ಸಿಗಲಿಲ್ಲ. ತೀರ್ಪು ಬರುವ ಹೊತ್ತಿಗೆ ಐದು ವರ್ಷ ಆಗಿತ್ತು. 1989ರಲ್ಲೇ ಚುನಾವಣೆ ಮುಗಿದು ಬೇರೆ ಸರಕಾರ ಬಂದಿತ್ತು. ಅವರು 1996ರಲ್ಲಿ ದಿಲ್ಲಿಯಲ್ಲಿ ಮಾನವ ಸಂಪನ್ಮೂಲ ಮಂತ್ರಿಯಾದರು. ಶಾಲೆ, ಸಾಕ್ಷರತೆ ಎಲ್ಲ ಆ ಖಾತೆಗೇ ಸೇರಿತ್ತು. 2007ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಮಗ ಬಸವರಾಜ ಬೊಮ್ಮಾಯಿ 2021ರಲ್ಲಿ ಮುಖ್ಯಮಂತ್ರಿಯಾದರು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ 'ಆ ಏಳು ಮಂದಿ ಓದದ ಸಹಿ ಹಾಕಿದ್ದರೇನು?' ಅಂದರು.