ರೈಡ್ ಯಾವಾಗ ಶುರು ಅಂತ ಕೇಳುವ ಮುನ್ನ

ಒಂದು ರೋಲರ್ ಕೋಸ್ಟರ್ ಕಟ್ಟೋದಕ್ಕೆ ಎಷ್ಟು ಕಾಲ ಬೇಕು? ಆರು ತಿಂಗಳು? ಒಂದು ವರ್ಷ?

ಅಮೆರಿಕದ ಫ್ಲೋರಿಡಾದಲ್ಲಿ ಡಿಸ್ನಿಯವರು ‘ಟ್ರಾನ್’ ಅನ್ನೋ ರೈಡ್ ಘೋಷಿಸಿದ್ದು 2017ರ ಜುಲೈನಲ್ಲಿ. ಅದು ಜನರಿಗೆ ತೆರೆದಿದ್ದು 2023ರ ಏಪ್ರಿಲ್‌ನಲ್ಲಿ. ಹತ್ತಿರ ಹತ್ತಿರ ಆರು ವರ್ಷ! ಅದೇನು ಹೊಸ ರೈಡೂ ಅಲ್ಲ. ಶಾಂಘೈನಲ್ಲಿ 2016ರಿಂದಲೇ ಓಡುತ್ತಿತ್ತು. ನಡುವೆ ಕೋವಿಡ್‌ನಿಂದ ಕೆಲಸ ನಿಂತಿತ್ತು, ಒಪ್ಪೋಣ. ಆದರೂ ಕಾದವರಿಗೆ ಸಿಟ್ಟು ಬರೋದು ಸಹಜ. ಯಾಕಂದ್ರೆ ಇದೇ ಡಿಸ್ನಿ 1954ರ ಜುಲೈನಲ್ಲಿ ಕೆಲಸ ಶುರು ಮಾಡಿ, ಒಂದೇ ವರ್ಷದಲ್ಲಿ ಇಡೀ ಡಿಸ್ನಿಲ್ಯಾಂಡನ್ನೇ ತೆರೆದಿತ್ತು.

ತೆರೆದ ದಿನ ಏನಾಯ್ತು ಗೊತ್ತಾ? ಹೊಸ ಡಾಂಬರಿನಲ್ಲಿ ಹೆಂಗಸರ ಹೈಹೀಲ್ಡ್ ಚಪ್ಪಲಿ ಹೂತುಕೊಂಡವು. ರೈಡ್‌ಗಳು ಕೈಕೊಟ್ಟವು.

ಇಂಜಿನಿಯರಿಂಗ್ ಓದಿದವನಾಗಿ ಒಂದು ಮಾತು ಹೇಳ್ತೀನಿ. ಕಂಬ ನಿಲ್ಲಿಸೋದು, ಹಳಿ ಜೋಡಿಸೋದು ಎಲ್ಲರ ಕಣ್ಣಿಗೆ ಕಾಣುತ್ತೆ. ಅಸಲಿ ಕೆಲಸ ಆಮೇಲೆ ಇರೋದು. ಮನುಷ್ಯರ ಜಾಗದಲ್ಲಿ ನೀರು ತುಂಬಿದ ಗೊಂಬೆ ಕೂರಿಸಿ ರೈಲನ್ನು ಮತ್ತೆ ಮತ್ತೆ ಓಡಿಸ್ತಾರೆ. ಬ್ರೇಕು, ಸೆನ್ಸರ್, ಸೀಟಿನ ಲಾಕು, ಎಲ್ಲವನ್ನೂ ಪರೀಕ್ಷಿಸ್ತಾರೆ. ಹಳೇ ರೈಡ್ ದುರಸ್ತಿಗೆ ಅಂತ ಮುಚ್ಚಿದಾಗಲೂ ಅಷ್ಟೇ. ಬರೀ ಬಣ್ಣ ಬಳಿಯೋದಲ್ಲ, ಚಕ್ರ ಬಿಚ್ಚಬೇಕು, ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ರೂ ಹುಡುಕಬೇಕು.

ಅವಸರ ಮಾಡಿದ್ರೆ ಏನಾಗುತ್ತೆ? 2015ರ ಜೂನ್ 2. ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕ್, ‘ಸ್ಮೈಲರ್’ ಅನ್ನೋ ರೈಡ್. ಹಳಿ ಮೇಲೆ ಖಾಲಿ ಬೋಗಿಯೊಂದು ಸಿಕ್ಕಿಕೊಂಡಿತ್ತು. ಹಿಂದೆ 16 ಜನರಿದ್ದ ಬೋಗಿಯನ್ನು ಕಂಪ್ಯೂಟರ್ ಸರಿಯಾಗಿಯೇ ತಡೆದು ನಿಲ್ಲಿಸಿತ್ತು. ಸಿಬ್ಬಂದಿ ಅದನ್ನು ಕಂಪ್ಯೂಟರ್‌ನ ದೋಷ ಅಂದುಕೊಂಡು, ತಾವೇ ಮುಂದಕ್ಕೆ ಬಿಟ್ಟರು. ಡಿಕ್ಕಿಯಲ್ಲಿ ಇಬ್ಬರು ಯುವತಿಯರು ಒಂದೊಂದು ಕಾಲು ಕಳೆದುಕೊಂಡರು. ಕಂಪನಿಗೆ ಕೋರ್ಟ್ 50 ಲಕ್ಷ ಪೌಂಡ್ ದಂಡ ಹಾಕಿತು. ರೈಡ್ ಮತ್ತೆ ಓಡಿದ್ದು 2016ರ ಮಾರ್ಚ್‌ನಲ್ಲಿ. ಹಳಿ ಖಾಲಿ ಇದೆಯಾ ಅಂತ ನೋಡೋದಕ್ಕೆ ಬೇಕಿದ್ದದ್ದು ಕೆಲವೇ ನಿಮಿಷ. ಮುಚ್ಚಿದ್ದು ಒಂಬತ್ತು ತಿಂಗಳು!

ಇದು ಎಲ್ಲೋ ದೂರದ ಕಥೆ ಅನ್ನಬೇಡಿ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಓಡುತ್ತಿದ್ದ ರೈಡ್ ಮುರಿದು ಬಿದ್ದು ಇಬ್ಬರು ಸತ್ತರು.

ನಮ್ಮೂರ ಜಾತ್ರೆಯಲ್ಲೂ ಜೈಂಟ್ ವೀಲ್ ನೋಡನೋಡುತ್ತಲೇ ಎದ್ದು ನಿಲ್ಲುತ್ತೆ. ಮಕ್ಕಳನ್ನು ಹತ್ತಿಸುವ ಮುಂಚೆ ಟಿಕೆಟ್ ಎಷ್ಟು ಅಂತ ಕೇಳ್ತೀರಲ್ಲ, ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ‘ಇದನ್ನು ಇವತ್ತು ಪರೀಕ್ಷೆ ಮಾಡಿದವರು ಯಾರು?’ ಉತ್ತರ ಬರಲಿಲ್ವಾ? ಮಕ್ಕಳು ಅತ್ತರೂ ಪರವಾಗಿಲ್ಲ, ಹತ್ತಿಸಬೇಡಿ.